ನಾಡು ಕೈಬದಲಾದಾಗ ಸೆರೆಮನೆಯಲ್ಲಿದ್ದವರ ಗತಿ

ಪ್ರಶ್ನೆ: ಮಗಳನ್ನು ಫ್ರೀಡಂ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಹಳೆಯ ಸೆಂಟ್ರಲ್ ಜೈಲಿನ ಕೋಣೆಗಳನ್ನು ನೋಡಿದವಳು, ‘ಸ್ವಾತಂತ್ರ್ಯ ಬಂದ ರಾತ್ರಿ ಇಲ್ಲಿದ್ದವರನ್ನೆಲ್ಲ ಬಿಟ್ಟುಬಿಟ್ಟರೇ?’ ಎಂದು ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ. ಒಂದು ಪ್ರದೇಶ ಒಂದು ದೇಶದಿಂದ ಇನ್ನೊಂದಕ್ಕೆ ಹೋದರೆ ಹಳೆಯ ಸರ್ಕಾರ ಕೊಟ್ಟ ಶಿಕ್ಷೆ ಉಳಿಯುತ್ತದೆಯೇ? ಕೈದಿಯ ಹಕ್ಕುಗಳು ಯಾರ ಕಾನೂನಿಗೆ ಸೇರುತ್ತವೆ? ಕ್ರೈಮಿಯಾದ ಕೈದಿಗಳ ಸುದ್ದಿ ಓದಿದ ಮೇಲೆ ಇನ್ನೊಂದು ಚಿಂತೆ: ನಮ್ಮವರೊಬ್ಬರು ಅಂಥ ಕಡೆ ಸಿಕ್ಕಿಕೊಂಡರೆ ಮನೆಯವರು ಯಾರ ಬಾಗಿಲಿಗೆ ಹೋಗಬೇಕು?
(ಮಲ್ಲೇಶ್ವರದ ಓದುಗರೊಬ್ಬರು)

ಉತ್ತರ: ಮಗಳಿಗೆ ಹೇಳಿ, ಬಿಡಲಿಲ್ಲ. ಅಷ್ಟೇ ಅಲ್ಲ, 1947ರ ಆಗಸ್ಟ್ 15ರ ರಾತ್ರಿ ಆ ಜೈಲಿನ ಯಜಮಾನಿಕೆಯೇ ಬದಲಾಗಲಿಲ್ಲ. ಅದು ಮೈಸೂರು ಸಂಸ್ಥಾನದ ಜೈಲು. ಜಯಚಾಮರಾಜೇಂದ್ರ ಒಡೆಯರು ಆಗಸ್ಟ್ 9ರಂದು ಭಾರತ ಒಕ್ಕೂಟವನ್ನು ಸೇರುವ ಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಆ ಪತ್ರದಿಂದ ದೆಹಲಿಗೆ ಹೋದದ್ದು ರಕ್ಷಣೆ, ವಿದೇಶಾಂಗ, ಸಂಪರ್ಕ ಎಂಬ ಮೂರು ವಿಷಯಗಳು ಮಾತ್ರ. ಪೊಲೀಸು, ಕೋರ್ಟು, ಬಂದೀಖಾನೆ ಎಲ್ಲವೂ ಮೈಸೂರು ಸರ್ಕಾರದ ಕೈಯಲ್ಲೇ ಉಳಿದವು. ಸೆಪ್ಟೆಂಬರ್ ತಿಂಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ಶುರುವಾದಾಗ ಸಂಸ್ಥಾನದ ಜೈಲುಗಳು ಸತ್ಯಾಗ್ರಹಿಗಳಿಂದ ತುಂಬಿದವು. ದೇಶ ಸ್ವತಂತ್ರವಾದ ಮೇಲೆ ಇಲ್ಲಿ ಜೈಲು ಖಾಲಿಯಾಗಲಿಲ್ಲ, ತುಂಬಿತು! ಅಕ್ಟೋಬರಿನಲ್ಲಿ ಒಪ್ಪಂದವಾಗಿ, ಕೆ.ಸಿ. ರೆಡ್ಡಿಯವರ ಸರ್ಕಾರ ಬಂದ ಮೇಲಷ್ಟೇ ಆ ಅಧ್ಯಾಯ ಮುಗಿಯಿತು.

ಬೆಂಗಳೂರಿನಲ್ಲಿ ನಿಜವಾಗಿ ಆಡಳಿತ ಕೈಬದಲಾದದ್ದು ದಂಡು ಪ್ರದೇಶದಲ್ಲಿ, ಅದೂ ಸ್ವಾತಂತ್ರ್ಯಕ್ಕೆ ಮೂರು ವಾರ ಮುಂಚೆ. 1881ರಲ್ಲಿ ಮೈಸೂರನ್ನು ಒಡೆಯರಿಗೆ ಹಿಂದಿರುಗಿಸುವಾಗ ಬ್ರಿಟಿಷರು ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದು ಕರೆಯುತ್ತಿದ್ದ ಈ ದಂಡು ಪ್ರದೇಶವನ್ನು ತಮ್ಮ ಕೈಯಲ್ಲೇ ಉಳಿಸಿಕೊಂಡಿದ್ದರು. 1947ರ ಜುಲೈ 26ರಂದು ಅದು ಮೈಸೂರಿಗೆ ಮರಳಿತು. ಹಿಂದಿನ ದಿನ ಆ ಭಾಗದಲ್ಲಿ ಕಳ್ಳತನದ ಆರೋಪದ ಮೇಲೆ ಸಿಕ್ಕಿಬಿದ್ದವನೊಬ್ಬನನ್ನು ಊಹಿಸಿಕೊಳ್ಳಿ. ಬಂಧಿಸಿದ ಪೊಲೀಸು ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಅಧಿಕಾರಕ್ಕೆ ಸೇರಿದ್ದು. ವಿಚಾರಣೆ ನಡೆಸಬೇಕಾದ ಕೋರ್ಟು ಮಹಾರಾಜರದು. ‘ನನ್ನನ್ನು ಹಿಡಿದ ಸರ್ಕಾರವೇ ಹೋಯಿತು, ಇನ್ನು ನನ್ನನ್ನು ಇಟ್ಟುಕೊಳ್ಳಲು ನೀವು ಯಾರು?’ ಎಂದು ಅವನು ಕೇಳಿದರೆ ಏನು ಹೇಳಬೇಕು? ನಿಮ್ಮ ಪ್ರಶ್ನೆಯ ಬೇರು ಇಲ್ಲಿದೆ.

ಕಾನೂನಿನ ಮಾಮೂಲಿ ಉತ್ತರ ಸರಳ. ಪ್ರಭುತ್ವ ಬದಲಾದರೂ ನೆಲದ ಕಾನೂನು ತಾನಾಗಿ ಅಳಿಯುವುದಿಲ್ಲ. ಹೊಸ ಪ್ರಭುತ್ವ ಬದಲಿಸುವವರೆಗೆ ಉಳಿದಿರುತ್ತದೆ. 1947ರ ಭಾರತ ಸ್ವಾತಂತ್ರ್ಯ ಕಾಯ್ದೆಯ 18ನೇ ಕಲಮಿನಲ್ಲಿ ಈ ಏರ್ಪಾಡು ಇತ್ತು. ನಮ್ಮ ಸಂವಿಧಾನದ 372ನೇ ವಿಧಿ ಅದನ್ನೇ ಮಾಡಿತು. 1860ರ ದಂಡಸಂಹಿತೆ ಮೊನ್ನೆ ಮೊನ್ನೆಯವರೆಗೆ ನಮ್ಮನ್ನು ಆಳಿದ್ದು ಈ ಬಾಗಿಲಿನಿಂದ ಒಳಬಂದು. ಕಾನೂನು ಉಳಿದರೆ ಅದರಡಿ ಕೊಟ್ಟ ಶಿಕ್ಷೆಯೂ ಉಳಿಯುತ್ತದೆ, ಬಂಧನದ ವಾರಂಟೂ ಉಳಿಯುತ್ತದೆ. 1997ರಲ್ಲಿ ಹಾಂಗ್‌ಕಾಂಗ್ ಬ್ರಿಟನ್ನಿನಿಂದ ಚೀನಾಕ್ಕೆ ಹೋದಾಗ ನಮ್ಮ ಕಲ್ಪನೆಯ ಕಳ್ಳನ ವಾದವನ್ನು ಆರೋಪಿಗಳು ನಿಜವಾಗಿಯೂ ಮುಂದಿಟ್ಟರು. ಬ್ರಿಟಿಷರ ಕಾನೂನು ಜುಲೈ 1ರಂದೇ ಸತ್ತಿದೆ, ಹಾಗಾಗಿ ನಮ್ಮ ಮೇಲಿನ ಮೊಕದ್ದಮೆಯೂ ಸತ್ತಿದೆ ಎಂದು ಅವರ ವಕೀಲರು ಹೇಳಿದರು. ಮೇಲ್ಮನವಿ ನ್ಯಾಯಾಲಯ ಅದೇ ತಿಂಗಳಲ್ಲಿ ಆ ವಾದವನ್ನು ತಳ್ಳಿಹಾಕಿತು.

ಈ ನಿರಂತರತೆ ಕೈದಿಗೆ ಅನ್ಯಾಯವೆಂದು ನಿಮಗೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಶಿಕ್ಷೆ ಉಳಿಯುತ್ತದೆ ಎಂದರೆ ಅದರ ಮಿತಿಯೂ ಉಳಿಯುತ್ತದೆ ಎಂದೇ ಅರ್ಥ. ಏಳು ವರ್ಷದ ಶಿಕ್ಷೆ ಹೊಸ ಬಾವುಟದ ಕೆಳಗೆ ಹತ್ತಾಗುವಂತಿಲ್ಲ. ಕಳೆದ ನಾಲ್ಕು ವರ್ಷ ಲೆಕ್ಕಕ್ಕೆ ಬರಲೇಬೇಕು. ಸನ್ನಡತೆಯಿಂದ ಗಳಿಸಿದ ಶಿಕ್ಷಾ ರಿಯಾಯಿತಿ, ಬಾಕಿ ಇರುವ ಮೇಲ್ಮನವಿ, ಪೆರೋಲ್ ಅರ್ಜಿ ಎಲ್ಲವೂ ಅವನ ಜೊತೆಯಲ್ಲೇ ದಾಟಬೇಕು. ಪೋರ್ಚುಗಲ್ 1999ರ ಡಿಸೆಂಬರಿನಲ್ಲಿ ಮಕಾವನ್ನು ಚೀನಾಕ್ಕೆ ಒಪ್ಪಿಸಿತು. ಅದಕ್ಕೆ ಒಂದು ತಿಂಗಳು ಮುಂಚೆ ಅಲ್ಲಿನ ಒಬ್ಬ ಕುಖ್ಯಾತ ಗ್ಯಾಂಗ್ ನಾಯಕನಿಗೆ ಪೋರ್ಚುಗೀಸ್ ಆಡಳಿತದ ನ್ಯಾಯಾಲಯ 15 ವರ್ಷ ಶಿಕ್ಷೆ ಕೊಟ್ಟಿತ್ತು. ಚೀನಾದಲ್ಲಿ ಮರಣದಂಡನೆ ಇದೆ, ಮಕಾವ್ ಕಾನೂನಿನಲ್ಲಿ ಇಲ್ಲ. ಅವನು ಅಲ್ಲೇ ಶಿಕ್ಷೆ ಮುಗಿಸಿ 2012ರಲ್ಲಿ ಹೊರಬಂದ. ಒಳ್ಳೆಯ ಮನುಷ್ಯನೇನಲ್ಲ, ಆದರೆ ನಿಯಮ ಕೆಲಸ ಮಾಡಿದ್ದಕ್ಕೆ ಒಳ್ಳೆಯ ಉದಾಹರಣೆ.

ಹಾಗಾದರೆ ತೊಂದರೆ ಎಲ್ಲಿ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಸರ್ಕಾರ ‘ಕೈದಿಗಳಿಗೆ ಇನ್ನು ಹಕ್ಕಿಲ್ಲ’ ಎಂದು ಕಾನೂನು ಮಾಡುವುದು ತೀರಾ ಅಪರೂಪ. ಹಕ್ಕುಗಳು ಕಳೆದುಹೋಗುವುದು ಮೂರು ಕಡೆ: ಹಳೆಯ ಮತ್ತು ಹೊಸ ನ್ಯಾಯಾಲಯಗಳ ನಡುವಿನ ಸಂದಿನಲ್ಲಿ, ಗಡಿಯಾಚೆ ಹೊರಟ ಜೈಲು ವಾಹನದಲ್ಲಿ, ಪೌರತ್ವದ ನಮೂನೆಯಲ್ಲಿ. ಉಳಿದ ಪ್ರಜೆಗಳು ಮನೆ ಮಾರಿಯೋ ಗಂಟುಮೂಟೆ ಕಟ್ಟಿಕೊಂಡೋ ತಮಗೆ ಬೇಕಾದ ಕಡೆ ಹೋಗಬಹುದು. ಕೈದಿಗೆ ಆ ದಾರಿ ಇಲ್ಲ. ಆದ್ದರಿಂದ ಅವನ ರಕ್ಷಣೆ ಹಸ್ತಾಂತರದ ಒಪ್ಪಂದದಲ್ಲಿ ಮೊದಲೇ ಬರೆದಿರಬೇಕು. ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟ ಕಡೆಯಲ್ಲೆಲ್ಲ ವರ್ಷಗಟ್ಟಲೆ ಜನ ಒಳಗೆ ಕೊಳೆತಿದ್ದಾರೆ.

ನ್ಯಾಯಾಲಯಗಳ ನಡುವಿನ ಸಂದಿಗೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ನಮ್ಮ ಬೀದರ, ಕಲಬುರಗಿ, ರಾಯಚೂರು ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲೇ ಅದು ನಡೆಯಿತು. 1948ರ ಸೆಪ್ಟೆಂಬರಿನ ಸೇನಾ ಕಾರ್ಯಾಚರಣೆಯ ನಂತರ ಮಿಲಿಟರಿ ಗವರ್ನರ್ ಆಡಳಿತ ಬಂತು, ವಿಶೇಷ ನ್ಯಾಯಮಂಡಳಿಗಳು ಬಂದವು. ತೆಲಂಗಾಣದ ರೈತ ಹೋರಾಟದಲ್ಲಿ ಸಿಕ್ಕಿಬಿದ್ದ ಹಲವರಿಗೆ 1949ರ ಆಗಸ್ಟಿನಲ್ಲಿ ಈ ಮಂಡಳಿಗಳು ಗಲ್ಲು ಶಿಕ್ಷೆ ವಿಧಿಸಿದವು. ಹೈದರಾಬಾದ್ ಹೈಕೋರ್ಟ್ ಡಿಸೆಂಬರಿನಲ್ಲಿ ಅದನ್ನು ಖಾಯಂ ಮಾಡಿತು. ಕೆಲವೇ ವಾರಗಳಲ್ಲಿ, 1950ರ ಜನವರಿ 26ರಂದು ಸಂವಿಧಾನ ಜಾರಿಯಾಯಿತು. ಮೂಲಭೂತ ಹಕ್ಕುಗಳು ಬಂದವು, ಸುಪ್ರೀಂ ಕೋರ್ಟ್ ಬಂತು. ಅದೇ ಹೊತ್ತಿಗೆ ನಿಜಾಮರ ಕಾಲದ ಕೊನೆಯ ಮೇಲ್ಮನವಿ ಪೀಠದ ಅಧಿಕಾರ ಮುಗಿಯಿತು. ಅಲ್ಲಿ ಬಾಕಿ ಇದ್ದ ಪ್ರಕರಣಗಳಷ್ಟೇ ಸುಪ್ರೀಂ ಕೋರ್ಟಿಗೆ ವರ್ಗವಾದವು.

ಈ ಕೈದಿಗಳು ಸುಪ್ರೀಂ ಕೋರ್ಟಿಗೆ ಬಂದಾಗ ಸಿಕ್ಕ ಉತ್ತರ ನೋಡಿ. ಜನಾರ್ದನ ರೆಡ್ಡಿ ವಿರುದ್ಧ ಹೈದರಾಬಾದ್ ರಾಜ್ಯ ಎಂಬ ಪ್ರಕರಣದಲ್ಲಿ ನ್ಯಾಯಾಲಯ ಹೇಳಿದ್ದು ಇಷ್ಟು: ಹೈಕೋರ್ಟಿನ ತೀರ್ಪು ಬಂದದ್ದು ಸಂವಿಧಾನಕ್ಕೆ ಮುಂಚೆ, ಆಗ ಆ ನ್ಯಾಯಾಲಯ ಸಂವಿಧಾನ ಹೇಳುವ ಭಾರತದ ನೆಲದಲ್ಲಿ ಇರಲಿಲ್ಲ, ಹೀಗಾಗಿ ಆ ತೀರ್ಪಿನ ಮೇಲೆ ಮೇಲ್ಮನವಿ ಕೇಳುವ ಅಧಿಕಾರ ನಮಗಿಲ್ಲ. ತಮಗೆ ವಕೀಲರ ನೆರವೇ ಸಿಗಲಿಲ್ಲ ಎಂಬ ದೂರು ಹೊತ್ತು ಮತ್ತೆ ಬಂದಾಗ, 1951ರ ಮಾರ್ಚಿನಲ್ಲಿ ಆ ಅರ್ಜಿಗಳೂ ವಜಾ ಆದವು. ಹಳೆಯ ಮೆಟ್ಟಿಲು ಕುಸಿದಿತ್ತು, ಹೊಸ ಮೆಟ್ಟಿಲು ಅವರ ಕಾಲಿಗೆ ಎಟುಕಲಿಲ್ಲ. ಕೊನೆಗೆ ನ್ಯಾಯಾಲಯದ ಹೊರಗೆ ನಡೆದ ದೊಡ್ಡ ಹೋರಾಟದ ಬಳಿಕ ಗಲ್ಲು ಶಿಕ್ಷೆಗಳನ್ನು ಜೀವಾವಧಿಗೆ ಇಳಿಸಲಾಯಿತು. ತಾಂತ್ರಿಕವಾಗಿ ತೀರ್ಪು ಸರಿ ಎಂದು ವಾದಿಸುವ ಹಿರಿಯ ವಕೀಲರು ಇಂದಿಗೂ ಇದ್ದಾರೆ. ನಾನು ತಪ್ಪು ಹೊರಿಸುವುದು ನ್ಯಾಯಮೂರ್ತಿಗಳ ಮೇಲಲ್ಲ, ಪರಿವರ್ತನೆಯ ನಿಯಮ ಬರೆದವರ ಮೇಲೆ. ಗಲ್ಲು ಶಿಕ್ಷೆ ಬಾಕಿ ಇರುವ ಪ್ರತಿಯೊಬ್ಬನಿಗೂ ಹೊಸ ವ್ಯವಸ್ಥೆಯಲ್ಲಿ ಒಂದು ಬಾರಿ ಮೇಲ್ಮನವಿಯ ಅವಕಾಶ ಎಂಬ ಒಂದು ವಾಕ್ಯ ಸಾಕಿತ್ತು.

ಹಾಂಗ್‌ಕಾಂಗ್‌ನಲ್ಲಿ ಸಂದು ಬೇರೆ ರೂಪದಲ್ಲಿ ಕಾಣಿಸಿತು. ಬ್ರಿಟಿಷ್ ಪದ್ಧತಿಯಲ್ಲಿ ಕೊಲೆ ಮಾಡಿದ ಹದಿನೆಂಟರ ಕೆಳಗಿನ ಹುಡುಗರಿಗೆ ನಿಗದಿತ ಅವಧಿ ಇರುವುದಿಲ್ಲ; ‘ಮಹಾರಾಣಿಯ ಇಚ್ಛೆ ಇರುವವರೆಗೆ’ ಬಂಧನ. ಮಹಾರಾಣಿಯೇ ಹೊರಟುಹೋದ ಮೇಲೆ ಯಾರ ಇಚ್ಛೆ? ಕಾನೂನಿನಲ್ಲಿ ಆ ಜಾಗಕ್ಕೆ ಕಾರ್ಯಾಂಗದ ವಿವೇಚನೆ ಎಂದು ಸೇರಿಸಿದರು. ಕಾಗದದ ಮೇಲೆ ಅಂದವಾದ ತಿದ್ದುಪಡಿ. ಆದರೆ ಒಬ್ಬನು ಎಷ್ಟು ವರ್ಷ ಒಳಗಿರಬೇಕು ಎಂಬುದನ್ನು ನ್ಯಾಯಾಧೀಶರ ಬದಲು ಆಡಳಿತಗಾರ ತೀರ್ಮಾನಿಸುವುದು ಸರಿಯೇ ಎಂಬ ಪ್ರಶ್ನೆ ಹಾಗೇ ಉಳಿಯಿತು. 2002ರಲ್ಲಿ ಅಲ್ಲಿನ ನ್ಯಾಯಾಲಯ, ಕನಿಷ್ಠ ಅವಧಿಯನ್ನು ಕಾರ್ಯಾಂಗ ನಿಗದಿ ಮಾಡುವುದು ಹಾಂಗ್‌ಕಾಂಗ್‌ಗೆ ಸಂವಿಧಾನದಂತಿರುವ ಹೊಸ ಮೂಲ ಕಾನೂನಿಗೆ ವಿರುದ್ಧ ಎಂದಿತು. ಹಸ್ತಾಂತರ ಕೈದಿಗಳಿಗೆ ಲಾಭವನ್ನೂ ತರಬಹುದು ಎಂಬುದಕ್ಕೆ ಇದನ್ನು ಉದಾಹರಿಸುತ್ತೇನೆ: ಲಿಖಿತ ಹಕ್ಕುಪತ್ರವೂ ಸ್ವತಂತ್ರ ಕೋರ್ಟೂ ಇದ್ದದ್ದರಿಂದ ಹಳೆಯ ಆಡಳಿತದ ಕಸವನ್ನೂ ಗುಡಿಸಲು ಸಾಧ್ಯವಾಯಿತು.

ಈಗ ಜೈಲು ವಾಹನದ ವಿಷಯಕ್ಕೆ ಬರುತ್ತೇನೆ. ಅತಿ ಹೆಚ್ಚು ಹಾನಿ ಆಗುವುದು ಇಲ್ಲೇ.

ಗೋವಾ ವಿಮೋಚನೆಯ ಹೋರಾಟಗಾರ ಮೋಹನ ರಾನಡೆಯವರನ್ನು ಪೋರ್ಚುಗೀಸರು ಬಂಧಿಸಿದ್ದು 1955ರಲ್ಲಿ. ಶಿಕ್ಷೆ 26 ವರ್ಷ. ಅವರನ್ನು ಗೋವಾದಲ್ಲಿ ಉಳಿಸದೆ ಲಿಸ್ಬನ್ ಬಳಿಯ ಕಶಿಯಾಶ್ ಕೋಟೆಗೆ ಸಾಗಿಸಲಾಯಿತು. 1961ರ ಡಿಸೆಂಬರ್ 19ರಂದು ಗೋವಾ ಸ್ವತಂತ್ರವಾಯಿತು. ಅಗ್ವಾದಾದಂಥ ಕೋಟೆಗಳಲ್ಲಿ ಉಳಿದಿದ್ದವರಿಗೆ ಬಾಗಿಲು ತೆರೆಯಿತು, ರಾನಡೆಯವರಿಗೆ ತೆರೆಯಲಿಲ್ಲ. ಯಾವ ನೆಲಕ್ಕಾಗಿ ಅವರು ಜೈಲಿಗೆ ಹೋದರೋ ಆ ನೆಲ ಕೈಬದಲಾದ ಮೇಲೂ ಏಳು ವರ್ಷ ಅವರು ಪೋರ್ಚುಗಲ್ಲಿನಲ್ಲಿ ಕೈದಿಯಾಗಿಯೇ ಇದ್ದರು. ತಮಿಳುನಾಡಿನ ಅಣ್ಣಾದುರೈ ಅವರು ಪೋಪರ ಬಳಿ ಇವರ ಬಿಡುಗಡೆಗಾಗಿ ಮಾತನಾಡಿದ್ದು ಪ್ರಸಿದ್ಧ ಸಂಗತಿ. ರಾನಡೆ ಹೊರಬಂದದ್ದು 1969ರ ಜನವರಿಯಲ್ಲಿ. ಇನ್ನೊಬ್ಬ ಗೋವಾ ಹೋರಾಟಗಾರ ತೇಲೊ ಮಸ್ಕರೇನ್ಹಸ್ ಅವರ ಬಿಡುಗಡೆ ಇನ್ನೂ ತಡ, 1970ರಲ್ಲಿ. ನಕ್ಷೆ ಬದಲಾದಾಗ ಕೈದಿಯ ದೇಹ ಎಲ್ಲಿದೆ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ ಎಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾನು ಮೊದಲು ತೆಗೆದುಕೊಳ್ಳುವ ಹೆಸರು ರಾನಡೆಯವರದು.

ಅಲ್ಬೇನಿಯನ್ನರೇ ಹೆಚ್ಚಾಗಿದ್ದ, ಆಗ ಸರ್ಬಿಯಾದ ಪ್ರಾಂತವಾಗಿದ್ದ ಕೊಸೊವೊದಲ್ಲಿ ಇದೇ ತಪ್ಪು ದೊಡ್ಡ ಪ್ರಮಾಣದಲ್ಲಿ ಆಯಿತು. 1999ರ ಜೂನ್ 9ರ ಕುಮಾನೊವೊ ಒಪ್ಪಂದದಂತೆ ಸರ್ಬಿಯಾದ ಪಡೆಗಳು ಅಲ್ಲಿಂದ ಹಿಂದೆ ಸರಿದವು. ಸೈನಿಕರು, ಫಿರಂಗಿಗಳು, ದಿನಗಳ ಲೆಕ್ಕ ಎಲ್ಲವೂ ಆ ಒಪ್ಪಂದದಲ್ಲಿ ಇತ್ತು. ಕೈದಿಗಳ ಬಗ್ಗೆ ಒಂದು ಸಾಲೂ ಇರಲಿಲ್ಲ. ಹಿಂದೆ ಸರಿಯುವ ಪಡೆಗಳ ಜೊತೆಗೇ ಸುಮಾರು 2000 ಅಲ್ಬೇನಿಯನ್ ಕೈದಿಗಳು ಸರ್ಬಿಯಾದ ಜೈಲುಗಳಿಗೆ ಹೋದರು. ಅವರಲ್ಲಿ ಫ್ಲೋರಾ ಬ್ರೊವಿನಾ ಎಂಬ ವೈದ್ಯೆ, ಕವಯಿತ್ರಿ ಒಬ್ಬರು. ಯುದ್ಧ ಮುಗಿದ ಆರು ತಿಂಗಳ ಮೇಲೆ ಆಕೆಗೆ ಸರ್ಬಿಯಾದಲ್ಲಿ 12 ವರ್ಷದ ಶಿಕ್ಷೆಯಾಯಿತು. ಬೆಲ್‌ಗ್ರೇಡಿನಲ್ಲಿ ಸರ್ಕಾರ ಬದಲಾದ ನಂತರ, 2000ದ ನವೆಂಬರಿನಲ್ಲಿ ಬಿಡುಗಡೆ. ಉಳಿದವರಲ್ಲಿ ಕೊನೆಯ ತಂಡ ಕೊಸೊವೊಗೆ ಮರಳುವಾಗ 2002ರ ಮಾರ್ಚ್ ಬಂದಿತ್ತು. ಸೇನಾಧಿಕಾರಿಗಳು ಕುಳಿತು ಬರೆದ ಒಪ್ಪಂದದಲ್ಲಿ ಬಿಟ್ಟುಹೋದ ಒಂದು ಪ್ಯಾರಾಕ್ಕೆ ಇಷ್ಟು ಬೆಲೆ.

ಕಾನೂನು ಇರಲಿಲ್ಲವೇ ಎಂದರೆ, ಇತ್ತು. ಯುದ್ಧಕಾಲದಲ್ಲಿ ನಾಗರಿಕರನ್ನು ಕಾಯುವ 1949ರ ನಾಲ್ಕನೇ ಜಿನೀವಾ ಒಪ್ಪಂದದ 76ನೇ ವಿಧಿಯ ಪ್ರಕಾರ ಆಕ್ರಮಿತ ಪ್ರದೇಶದ ನಿವಾಸಿಯನ್ನು ಆ ಪ್ರದೇಶದಲ್ಲೇ ಬಂಧನದಲ್ಲಿಡಬೇಕು, ಶಿಕ್ಷೆಯನ್ನೂ ಅಲ್ಲೇ ಅನುಭವಿಸಬೇಕು. 77ನೇ ವಿಧಿ ಇನ್ನೂ ಸ್ಪಷ್ಟ: ಆಕ್ರಮಣ ಮುಗಿದಾಗ ಆರೋಪಿಗಳನ್ನೂ ಶಿಕ್ಷೆಗೊಳಗಾದವರನ್ನೂ ಅವರ ಕಡತಗಳ ಸಮೇತ ವಿಮೋಚಿತ ಪ್ರದೇಶದ ಅಧಿಕಾರಿಗಳಿಗೆ ಒಪ್ಪಿಸಬೇಕು. ‘ಕಡತಗಳ ಸಮೇತ’ ಎಂದು ಬರೆದವರು ಜೈಲಿನ ಒಳಹೊರಗು ಬಲ್ಲವರಿರಬೇಕು.

ಕ್ರೈಮಿಯಾದ ಸುದ್ದಿ ನಿಮ್ಮನ್ನು ಕಲಕಿದೆ ಎಂದಿದ್ದೀರಿ. ಉಕ್ರೇನಿಗೆ ಸೇರಿದ್ದ ಆ ಪ್ರದೇಶವನ್ನು 2014ರ ಮಾರ್ಚಿನಲ್ಲಿ ರಷ್ಯಾ ತನ್ನದೆಂದು ಘೋಷಿಸಿತು. ವಿಶ್ವಸಂಸ್ಥೆಯ ಮಹಾಸಭೆ ಮಾರ್ಚ್ 27ರಂದು 100 ಮತಗಳಿಂದ ಅದನ್ನು ಒಪ್ಪಲಿಲ್ಲ. ಭಾರತ ತಟಸ್ಥವಾಗಿ ಉಳಿಯಿತು. ಅಂದರೆ ಬಹುಪಾಲು ದೇಶಗಳ ದೃಷ್ಟಿಯಲ್ಲಿ ಅಲ್ಲಿ ಸಾರ್ವಭೌಮತ್ವ ಬದಲಾಗಿಲ್ಲ, ಅದು ಆಕ್ರಮಿತ ಪ್ರದೇಶ. ಆದರೂ ಉಕ್ರೇನಿನ ನ್ಯಾಯಾಲಯಗಳು ಕೊಟ್ಟಿದ್ದ ಶಿಕ್ಷೆಗಳನ್ನು ರಷ್ಯಾದ ದಂಡಸಂಹಿತೆಗೆ ಹೊಂದಿಸಲಾಯಿತು. ಅನೇಕ ಕೈದಿಗಳನ್ನು ಸಾವಿರಾರು ಕಿಲೋಮೀಟರ್ ದೂರದ ರಷ್ಯಾದ ಜೈಲುಗಳಿಗೆ ಕಳಿಸಲಾಯಿತು. ಕ್ರೈಮಿಯಾ ರಷ್ಯಾದ ಕೈಗೆ ಹೋಗುವ ಮುನ್ನ, 2014ರ ಫೆಬ್ರವರಿ 26ರಂದು ನಡೆದ ಪ್ರದರ್ಶನಕ್ಕಾಗಿ ಅಲ್ಲಿನ ತಾತಾರ್ ಸಮುದಾಯದ ನಾಯಕ ಅಖ್ತೆಮ್ ಚೀಗೋಜ್ ಅವರಿಗೆ 2017ರಲ್ಲಿ ರಷ್ಯಾದ ಕಾನೂನಿನಡಿ ಎಂಟು ವರ್ಷದ ಶಿಕ್ಷೆಯಾಯಿತು. ಆ ದಿನ ಆ ಬೀದಿಯಲ್ಲಿ ರಷ್ಯಾದ ಕಾನೂನೇ ಇರಲಿಲ್ಲ. ಹಿಂದಕ್ಕೆ ಸಾಗುವ ದಂಡನೆ ಕೂಡದು ಎಂಬುದು ನಮ್ಮ ಸಂವಿಧಾನದ 20ನೇ ವಿಧಿಯಲ್ಲೂ ಇದೆ, ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 15ನೇ ವಿಧಿಯಲ್ಲೂ ಇದೆ.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2024ರ ಜೂನ್ 25ರಂದು ಈ ಸಾಗಾಟವನ್ನೂ ಸೇರಿಸಿ ಹಲವು ಉಲ್ಲಂಘನೆಗಳನ್ನು ರಷ್ಯಾ ಮಾಡಿದೆ ಎಂದು ತೀರ್ಪು ಕೊಟ್ಟಿತು, ಸಾಗಿಸಿದ ಕೈದಿಗಳನ್ನು ಸುರಕ್ಷಿತವಾಗಿ ಹಿಂದಿರುಗಿಸಲು ಕ್ರಮ ಕೈಗೊಳ್ಳಬೇಕೆಂದು ಹೇಳಿತು. ಅಷ್ಟರಲ್ಲಿ ರಷ್ಯಾ ಆ ವ್ಯವಸ್ಥೆಯಿಂದಲೇ ಹೊರಗೆ ಹೋಗಿತ್ತು. ತೀರ್ಪು ಕೈಗೆ ಬಂತು, ಕೈದಿಗಳು ಬರಲಿಲ್ಲ. 2022ರ ನವೆಂಬರಿನಲ್ಲಿ ರಷ್ಯಾದ ಸೇನೆ ಉಕ್ರೇನಿನ ಖೆರ್ಸಾನ್ ನಗರವನ್ನು ಬಿಟ್ಟು ಹೋಗುವಾಗಲೂ ಸಾವಿರಕ್ಕೂ ಹೆಚ್ಚು ಸಜಾ ಕೈದಿಗಳನ್ನು ಜೊತೆಗೆ ಒಯ್ದಿತು. ಇವರು ರಾಜಕೀಯ ಕೈದಿಗಳಲ್ಲ. ಕಳ್ಳತನ, ಹೊಡೆದಾಟ, ಕೊಲೆಗಾಗಿ ಒಳಗಿದ್ದ ಸಾಮಾನ್ಯರು. ಶಿಕ್ಷೆ ಮುಗಿದ ಮೇಲೆ ಇವರಲ್ಲಿ ಹಲವರ ಬಳಿ ಗುರುತಿನ ಪತ್ರವೇ ಇಲ್ಲ. ಬಿಡುಗಡೆಯ ದಿನವೇ ‘ಅಕ್ರಮ ವಿದೇಶಿ’ ಎಂದು ಮತ್ತೆ ಹಿಡಿದು ಗಡೀಪಾರು ಕೇಂದ್ರಕ್ಕೆ ಹಾಕಿದ ಪ್ರಕರಣಗಳಿವೆ; ಜಾರ್ಜಿಯಾ ಗಡಿಯಲ್ಲಿ ಅತಂತ್ರರಾಗಿ ಉಳಿದವರೂ ಇದ್ದಾರೆ. ಪ್ರಸಿದ್ಧರಿಗೆ ಕೈದಿಗಳ ವಿನಿಮಯದ ಪಟ್ಟಿಯಲ್ಲಿ ಜಾಗ ಸಿಗುತ್ತದೆ. ದನಗಳ್ಳನ ಹೆಸರನ್ನು ಆ ಪಟ್ಟಿಗೆ ಸೇರಿಸುವವರು ಯಾರು?

ಮೂರನೆಯದು ಪೌರತ್ವ. ಕ್ರೈಮಿಯಾದ ಕಾಯಂ ನಿವಾಸಿಗಳೆಲ್ಲ ತಾನಾಗಿ ರಷ್ಯನ್ ಪೌರರು, ಬೇಡವಾದವರು 2014ರ ಏಪ್ರಿಲ್ 18ರೊಳಗೆ ಕಚೇರಿಗೆ ಬಂದು ನಿರಾಕರಿಸಿ ಬರೆದುಕೊಡಬಹುದು ಎಂಬ ಏರ್ಪಾಡು ಮಾಡಿದರು. ಜೈಲಿನಲ್ಲಿದ್ದವನು ಕಚೇರಿಗೆ ಹೋಗುವುದು ಹೇಗೆ? ಸಿನಿಮಾ ನಿರ್ದೇಶಕ ಒಲೆಗ್ ಸೆನ್‌ತ್ಸೋವ್ ಅವರನ್ನು ಆ ಗಡುವು ಮುಗಿದ ಮರುತಿಂಗಳೇ ಬಂಧಿಸಿ, ಅವರು ಈಗ ರಷ್ಯಾದ ಪ್ರಜೆ ಎಂದು ಹೇಳಿ ಉಕ್ರೇನಿನ ರಾಯಭಾರ ಅಧಿಕಾರಿಗಳ ಭೇಟಿಗೆ ಅವಕಾಶ ಕೊಡಲಿಲ್ಲ. ತಾನು ನೆಲದ ಜೊತೆ ಕೈಬದಲಾಗುವ ಜೀತದಾಳಲ್ಲ ಎಂದು ಅವರು ಪ್ರತಿಭಟಿಸಿದರು. 20 ವರ್ಷದ ಶಿಕ್ಷೆ ವಿಧಿಸಿ ಉತ್ತರ ಧ್ರುವವೃತ್ತದ ಅಂಚಿನ ಜೈಲಿನಲ್ಲಿ ಇಟ್ಟರು. 2019ರ ಸೆಪ್ಟೆಂಬರಿನ ವಿನಿಮಯದಲ್ಲಿ ಅವರು ಮನೆಗೆ ಬಂದರು.

ಇಲ್ಲಿ ನಾವು ನಮ್ಮ ಅಂಗಳವನ್ನೂ ನೋಡಿಕೊಳ್ಳಬೇಕು. 1962ರ ಮಾರ್ಚಿನ ಗೋವಾ ಪೌರತ್ವ ಆದೇಶದಲ್ಲೂ ಇದೇ ಮಾದರಿ ಇತ್ತು: ನಿವಾಸಿಗಳೆಲ್ಲ ಭಾರತೀಯರು, ಬೇಡವೆನ್ನುವವರು ಒಂದು ತಿಂಗಳೊಳಗೆ ಬರೆದುಕೊಡಬೇಕು. ಮೊಂತೇರೊ ಎಂಬ ಕ್ರೈಸ್ತ ಪಾದ್ರಿ ಹಾಗೆ ಬರೆದುಕೊಟ್ಟು ಪೋರ್ಚುಗೀಸ್ ಪ್ರಜೆಯಾಗಿ ಉಳಿದರು, ಆದರೆ ಅನುಮತಿ ಪತ್ರ ಪಡೆಯದೆ ಗೋವಾದಲ್ಲೇ ನೆಲೆಸಿದರು. ವಿದೇಶಿಯರ ಕಾಯ್ದೆಯಡಿ 30 ದಿನದ ಸಾದಾ ಸಜೆ, 50 ರೂಪಾಯಿ ದಂಡ ಆಯಿತು. ಜಿನೀವಾ ಒಪ್ಪಂದ ತನ್ನನ್ನು ಕಾಯುತ್ತದೆ ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. 1969ರ ಮಾರ್ಚ್ 26ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರ ಪೀಠ ಅದನ್ನು ಒಪ್ಪಲಿಲ್ಲ. ಯುದ್ಧ ಮುಗಿದು ಪ್ರದೇಶ ಪೂರ್ತಿಯಾಗಿ ಭಾರತದಲ್ಲಿ ಸೇರಿದ ಮೇಲೆ ಅದು ಆಕ್ರಮಿತ ಪ್ರದೇಶವಲ್ಲ, ಆ ಒಪ್ಪಂದದ ರಕ್ಷಣೆ ಅಲ್ಲಿಗೆ ಮುಗಿಯಿತು ಎಂದಿತು. ಪೋರ್ಚುಗಲ್ ನಮ್ಮ ಸಾರ್ವಭೌಮತ್ವವನ್ನು ಒಪ್ಪಿದ್ದು 1974ರ ಕೊನೆಯಲ್ಲಿ, ತೀರ್ಪಾಗಿ ಐದು ವರ್ಷಕ್ಕೂ ಹೆಚ್ಚು ಕಾಲದ ನಂತರ.

ವಸಾಹತು ವಿಮೋಚನೆಯ ಹಿನ್ನೆಲೆಯಲ್ಲಿ ಆ ತೀರ್ಪಿನ ಫಲಿತಾಂಶ ನನಗೆ ಒಪ್ಪಿಗೆ. ಅದರ ತರ್ಕ ಮಾತ್ರ ಯಾರ ಕೈಗೆ ಸಿಕ್ಕರೂ ಕೊಯ್ಯುವ ಚೂರಿ. ‘ನಾವು ಸೇರಿಸಿಕೊಂಡಾಯಿತು, ಇನ್ನು ಆಕ್ರಮಣದ ಕಾನೂನು ಅನ್ವಯಿಸುವುದಿಲ್ಲ’ ಎಂದು ಇವತ್ತು ಹೇಳುತ್ತಿರುವವರು ಯಾರೆಂದು ನಿಮಗೆ ಗೊತ್ತು. ಅದಕ್ಕೇ ಕೈದಿಯ ರಕ್ಷಣೆಯನ್ನು ಜಿನೀವಾ ಒಪ್ಪಂದವೊಂದಕ್ಕೇ ಕಟ್ಟಿಹಾಕಬಾರದು ಎನ್ನುತ್ತೇನೆ. ಪ್ರದೇಶವನ್ನು ಸೇರಿಸಿಕೊಂಡದ್ದು ಸರಿಯೋ ತಪ್ಪೋ ಎಂಬ ಜಗಳ ಹತ್ತಾರು ವರ್ಷ ನಡೆಯಲಿ. ಒಳಗಿರುವವನಿಗೆ ಊಟ, ಔಷಧಿ, ವಕೀಲ, ಮುಲಾಖಾತ್ ಅಷ್ಟು ವರ್ಷ ಕಾಯುವುದಿಲ್ಲ.

ಆ ರಕ್ಷಣೆಗೆ ಬೇರೆ ನೆಲೆ ಇದೆ. 1924ರ ಹೊತ್ತಿಗೆ, ಆಗ ನಮ್ಮ ಕೊನೆಯ ಮೇಲ್ಮನವಿ ನ್ಯಾಯಾಲಯವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್, ನಮ್ಮ ಪಂಚಮಹಲ್ ಪ್ರದೇಶದ ಪ್ರಕರಣವೊಂದರಲ್ಲಿ, ಹೊಸ ಪ್ರಭುತ್ವ ತಾನಾಗಿ ಒಪ್ಪಿಕೊಂಡ ಹಕ್ಕುಗಳಷ್ಟೇ ನಿವಾಸಿಗೆ ದಕ್ಕುತ್ತವೆ ಎಂದಿತ್ತು. ಅದು ಜಮೀನಿನ ವಿಷಯ. ಮನುಷ್ಯನ ದೇಹ, ಪ್ರಾಣಗಳ ವಿಷಯದಲ್ಲಿ ಆ ಕಾಲ ಕಳೆದಿದೆ. 1997ರಲ್ಲಿ ಉತ್ತರ ಕೊರಿಯಾ ಹಕ್ಕುಗಳ ಒಡಂಬಡಿಕೆಯಿಂದ ಹೊರಬರಲು ಹೊರಟಾಗ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಒಂದು ನಿಲುವನ್ನು ಪ್ರಕಟಿಸಿತು: ಈ ಹಕ್ಕುಗಳು ಸರ್ಕಾರದವಲ್ಲ, ಆ ನೆಲದಲ್ಲಿ ಬದುಕುವ ಜನರವು, ಸರ್ಕಾರ ಬದಲಾದರೂ, ದೇಶ ಒಡೆದರೂ, ಪ್ರದೇಶ ಇನ್ನೊಬ್ಬರಿಗೆ ಹೋದರೂ ಜನರ ಜೊತೆಯಲ್ಲೇ ಉಳಿಯುತ್ತವೆ. ನಮ್ಮ ಸುಪ್ರೀಂ ಕೋರ್ಟ್ ಕೂಡ 1978ರ ಸುನಿಲ್ ಬಾತ್ರಾ ಪ್ರಕರಣದಲ್ಲಿ, ಜೈಲಿನ ಬಾಗಿಲಲ್ಲಿ ಮೂಲಭೂತ ಹಕ್ಕುಗಳು ಕಳಚಿ ಬೀಳುವುದಿಲ್ಲ ಎಂದು ಹೇಳಿದೆ.

ದಿನನಿತ್ಯದ ಮಟ್ಟದಲ್ಲಿ ಏನು ಮಾಡಬೇಕು ಎಂಬುದಕ್ಕೆ ಕೈದಿಗಳ ಬಗ್ಗೆ ವಿಶ್ವಸಂಸ್ಥೆ ರೂಪಿಸಿದ 2015ರ ನೆಲ್ಸನ್ ಮಂಡೇಲಾ ನಿಯಮಗಳಿವೆ. ಸಿಂಧುವಾದ ಬಂಧನಾದೇಶ ಇಲ್ಲದೆ ಯಾರನ್ನೂ ಜೈಲಿಗೆ ಸೇರಿಸಿಕೊಳ್ಳುವಂತಿಲ್ಲ. ಕೈದಿಯನ್ನು ಸಾಧ್ಯವಾದಷ್ಟು ಮನೆಗೆ ಹತ್ತಿರವಿಡಬೇಕು. ವರ್ಗಾಯಿಸಿದರೆ ವೈದ್ಯಕೀಯ ಕಡತ ಜೊತೆಗೆ ಹೋಗಬೇಕು, ಮನೆಯವರಿಗೆ ತಿಳಿಸಲು ಅವಕಾಶ ಕೊಡಬೇಕು. ಔಷಧಿಯ ವಿಷಯ ಸಣ್ಣದಲ್ಲ. ಮಾದಕ ವ್ಯಸನಿಗಳಿಗೆ ಉಕ್ರೇನಿನಲ್ಲಿ ಕಾನೂನುಬದ್ಧವಾಗಿದ್ದ ಮೆಥಡೋನ್ ಚಿಕಿತ್ಸೆ ರಷ್ಯಾದಲ್ಲಿ ನಿಷಿದ್ಧ. ಹೀಗಾಗಿ 2014ರಲ್ಲಿ ಕ್ರೈಮಿಯಾದ ಸುಮಾರು 800 ರೋಗಿಗಳಿಗೆ ಅದು ನಿಂತುಹೋಯಿತು. ಜೈಲಿನ ಹೊರಗಿದ್ದವರ ಕಥೆಯೇ ಇದಾದರೆ, ಚಿಕಿತ್ಸೆ ಅರಸಿ ಊರು ಬಿಡಲಾಗದ ಕೈದಿಯ ಪಾಡೇನು?

ಹಸ್ತಾಂತರದ ಒಪ್ಪಂದ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದ್ದರೆ ಮೊದಲು ಸೇರಿಸುತ್ತಿದ್ದುದು ಒಂದು ದಿನಾಂಕವನ್ನು. ಆ ದಿನಕ್ಕೆ ಪ್ರತಿ ಜೈಲಿನಲ್ಲಿ ಇರುವವರ ಜಂಟಿ ಪಟ್ಟಿ ಸಿದ್ಧವಾಗಬೇಕು, ಅದರ ಒಂದು ಪ್ರತಿ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಬಳಿ ಇರಬೇಕು, ಆಮೇಲೆ ಒಬ್ಬನನ್ನೂ ಗಡಿ ದಾಟಿಸಬಾರದು. ಭಾರತ ಮತ್ತು ಪಾಕಿಸ್ತಾನ ಎಷ್ಟೇ ಕಚ್ಚಾಡಿದರೂ 2008ರ ಒಪ್ಪಂದದಂತೆ ಪ್ರತಿ ವರ್ಷ ಜನವರಿ 1 ಮತ್ತು ಜುಲೈ 1ರಂದು ಕೈದಿಗಳ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಆ ಎರಡು ದೇಶಗಳಿಗೆ ಸಾಧ್ಯವಾದದ್ದು ಬೇರೆ ಯಾರಿಗೂ ಅಸಾಧ್ಯವಲ್ಲ. ಎರಡನೆಯದಾಗಿ, ಪೌರತ್ವದ ಆಯ್ಕೆಗೆ ಅಧಿಕಾರಿಯೇ ಜೈಲಿನೊಳಗೆ ಹೋಗಬೇಕು, ಗಡುವನ್ನು ಕೈದಿಯ ಬಿಡುಗಡೆಯ ನಂತರಕ್ಕೂ ವಿಸ್ತರಿಸಬೇಕು. ಮೇಲ್ಮನವಿಯ ಮಾತನ್ನು ಹೈದರಾಬಾದಿನ ಪ್ರಕರಣ ಹೇಳುವಾಗಲೇ ಹೇಳಿದ್ದೇನೆ. ರಾಜಕೀಯ ಕೈದಿಗಳ ಬಿಡುಗಡೆ ಬೇರೆಯದೇ ಚರ್ಚೆ. ಯಾರು ರಾಜಕೀಯ ಕೈದಿ ಎಂಬಲ್ಲೇ ಎರಡೂ ಕಡೆಯವರು ವರ್ಷ ಕಳೆಯುತ್ತಾರೆ. ಸಾಮಾನ್ಯ ಕೈದಿಗಳ ಪಟ್ಟಿಯನ್ನು ಆ ಜಗಳಕ್ಕೆ ಒತ್ತೆ ಇಡಬಾರದು.

ಕೊನೆಗೆ, ನಮ್ಮವರು ಅಂಥ ಕಡೆ ಸಿಕ್ಕಿಕೊಂಡರೆ ಏನು ಮಾಡಬೇಕು ಎಂಬ ಪ್ರಶ್ನೆ. ಕೆಲಸಕ್ಕೋ ವೈದ್ಯಕೀಯ ಓದಿಗೋ ಹೊರದೇಶಕ್ಕೆ ಹೋದವರು ಕರ್ನಾಟಕದ ಊರೂರಲ್ಲೂ ಇರುವುದರಿಂದ ಇದು ಬರೀ ಊಹೆಯ ಮಾತಲ್ಲ. ಬಂಧನದ ಸುದ್ದಿ ಬಂದ ಕೂಡಲೇ ಆ ದೇಶದ ಭಾರತೀಯ ರಾಯಭಾರ ಕಚೇರಿಗೂ ದೆಹಲಿಯ ವಿದೇಶಾಂಗ ಸಚಿವಾಲಯಕ್ಕೂ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದಿಟ್ಟುಕೊಳ್ಳಿ. ವಿಯೆನ್ನಾ ಒಪ್ಪಂದದ 36ನೇ ವಿಧಿಯಂತೆ ಕಾನ್ಸುಲರ್ ಭೇಟಿ, ಅಂದರೆ ತನ್ನ ದೇಶದ ರಾಯಭಾರ ಅಧಿಕಾರಿಗಳ ಭೇಟಿ, ಹಕ್ಕೇ ಹೊರತು ಉಪಕಾರವಲ್ಲ. ಪಾಕಿಸ್ತಾನ ಬಂಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಅವರ ಪ್ರಕರಣದಲ್ಲಿ 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಅದನ್ನೇ ಹೇಳಿತು. ತೊಡಕು ಬರುವುದು ಆ ಪ್ರದೇಶ ಯಾರದೆಂದು ನಮ್ಮ ಸರ್ಕಾರ ಸ್ಪಷ್ಟವಾಗಿ ಹೇಳದಿದ್ದಾಗ. ಯಾವ ರಾಜಧಾನಿಯ ರಾಯಭಾರಿ ಓಡಾಡಬೇಕು ಎಂಬಲ್ಲೇ ಕಡತ ನಿಲ್ಲುತ್ತದೆ. ಆಗ ಎರಡೂ ರಾಜಧಾನಿಗಳ ನಮ್ಮ ಕಚೇರಿಗಳಿಗೆ ಬರೆಯಿರಿ.

ಕೈಗೆ ಸಿಕ್ಕ ಪ್ರತಿ ಕಾಗದದ ನಕಲು ಮನೆಯಲ್ಲಿರಲಿ: ಬಂಧನಾದೇಶ, ತೀರ್ಪು, ವೈದ್ಯರ ಚೀಟಿ, ಪಾಸ್‌ಪೋರ್ಟ್. ಆಡಳಿತ ಬದಲಾಗುವಾಗ ಜೈಲಿನ ಕಡತ ಕಾಣೆಯಾದರೆ ಉಳಿಯುವ ದಾಖಲೆ ನಿಮ್ಮದೊಂದೇ. ಸಂಪರ್ಕ ಕಡಿದುಹೋದರೆ ರೆಡ್ ಕ್ರಾಸ್ ಅಂತರರಾಷ್ಟ್ರೀಯ ಸಮಿತಿಗೆ ಕಾಣೆಯಾದವರನ್ನು ಹುಡುಕುವ ಪ್ರತ್ಯೇಕ ವ್ಯವಸ್ಥೆ ಇದೆ. ಭಾರತದ ರೆಡ್ ಕ್ರಾಸ್ ಸಂಸ್ಥೆಯ ಮೂಲಕವೂ ಅದನ್ನು ಕೇಳಬಹುದು. ಶಿಕ್ಷೆಯಾದ ಮೇಲೆ ಊರಿನ ಜೈಲಿಗೆ ಕರೆತರಲು 2003ರ ಕೈದಿಗಳ ಸ್ವದೇಶ ವಾಪಸಾತಿ ಕಾಯ್ದೆ ಇದೆ. ಆದರೆ ಆ ದೇಶದ ಜೊತೆ ಒಪ್ಪಂದ ಇರಬೇಕು, ಕೈದಿಯ ಒಪ್ಪಿಗೆಯೂ ಬೇಕು.

ದೂರು ಕೊಡುವ ಜಾಗದ ಬಗ್ಗೆ ಒಂದು ಎಚ್ಚರಿಕೆ. ಮಾನವ ಹಕ್ಕುಗಳ ಸಮಿತಿಗೆ ವ್ಯಕ್ತಿಯೊಬ್ಬ ನೇರವಾಗಿ ದೂರು ಕೊಡಲು ಬಂಧಿಸಿಟ್ಟಿರುವ ದೇಶ, ಅಂಥ ದೂರಿಗೆ ಅವಕಾಶ ಕೊಡುವ ಐಚ್ಛಿಕ ಒಡಂಬಡಿಕೆಯನ್ನು ಒಪ್ಪಿರಬೇಕು. ಭಾರತವೇ ಒಪ್ಪಿಲ್ಲ. ಅಕ್ರಮ ಬಂಧನ ಕುರಿತ ವಿಶ್ವಸಂಸ್ಥೆಯ ಕಾರ್ಯತಂಡಕ್ಕೆ ಅಂಥ ಷರತ್ತು ಇಲ್ಲ. ಯಾವ ದೇಶದ ಬಂಧನದ ಬಗ್ಗೆಯೂ ಮನೆಯವರೇ ಬರೆಯಬಹುದು, ವಕೀಲರೇ ಬೇಕೆಂದಿಲ್ಲ, ಶುಲ್ಕವಿಲ್ಲ. ಇಂಗ್ಲಿಷ್, ಫ್ರೆಂಚ್ ಅಥವಾ ಸ್ಪ್ಯಾನಿಷ್ ಭಾಷೆಯಲ್ಲಿ ಬರೆಯಿರಿ. ಯಾವ ದಿನ, ಎಲ್ಲಿ, ಯಾವ ಅಧಿಕಾರಿಗಳು ಹಿಡಿದರು, ಯಾವ ಕಾನೂನು ಹೇಳಿದರು, ಈಗ ಎಲ್ಲಿದ್ದಾರೆ ಎಂಬ ವಿವರ ಸ್ಪಷ್ಟವಾಗಿರಲಿ. ಆ ನೆಲ ಯಾರಿಗೆ ಸೇರಬೇಕು ಎಂಬ ವಾದವನ್ನು ಅರ್ಜಿಯಲ್ಲಿ ಎತ್ತಬೇಡಿ. ಈಗ ಬೀಗದ ಕೈ ಯಾರ ಬಳಿ ಇದೆಯೋ ಅವರ ಹೆಸರನ್ನೇ ಎದುರುದಾರರ ಜಾಗದಲ್ಲಿ ನಮೂದಿಸಿ.